ಹುಬ್ಬಳ್ಳಿಯ ಶೆಡ್ಡಿನಲ್ಲಿ ಸಣ್ಣ ವಿಮಾನ: ಯಾವುದು ಇಲ್ಲೇ ಮಾಡಿಸಬಹುದು, ಯಾವುದು ತರಿಸಲೇಬೇಕು

ಹುಬ್ಬಳ್ಳಿಯಲ್ಲಿ ಲೇತ್ ಇದೆ, ಮಿಲ್ಲಿಂಗ್ ಮಷಿನ್ ಇದೆ, ಬಸ್ ಬಾಡಿ ಕಟ್ಟುವವರಿದ್ದಾರೆ, ರೈಲ್ವೆ ವರ್ಕ್‌ಶಾಪಿನಲ್ಲಿ ಇಡೀ ಸರ್ವಿಸು ಕಬ್ಬಿಣದ ಜೊತೆ ಕಳೆದು ನಿವೃತ್ತರಾದವರು ಓಣಿಗೊಬ್ಬರಿದ್ದಾರೆ. ಹಾಗಾಗಿ ಇಲ್ಲಿ ಯಾರಾದರೂ ಎರಡು ಸೀಟಿನ ವಿಮಾನವನ್ನು ಮನೆಯಲ್ಲೇ ಕಟ್ಟುತ್ತೇನೆ ಅಂದರೆ, ಕೈಕೆಲಸ ಬರುತ್ತದಾ ಅನ್ನೋದು ದೊಡ್ಡ ಪ್ರಶ್ನೆಯಲ್ಲ. ತೊಂದರೆ ಇರುವುದು ಬೇರೆ ಕಡೆ. ನಮ್ಮೂರಲ್ಲಿ ಬೇಕಾದ ಸಾಮಾನು ಸಿಗದಿದ್ದರೆ ಅದರಂಥದ್ದೇ ಇನ್ನೊಂದು ಸಿಕ್ಕೇ ಸಿಗುತ್ತದೆ. "ಇದನ್ನ ಹಾಕ್ರಿ ಸರ, ಏನೂ ಆಗೂದಿಲ್ಲ" ಅಂತ ಅಂಗಡಿಯವರು ಪ್ರೀತಿಯಿಂದಲೇ ಕೊಡುತ್ತಾರೆ. ಟ್ರ್ಯಾಕ್ಟರಿನ ಟ್ರೇಲರಿಗೆ ಆ ಮಾತು ನಡೆಯುತ್ತದೆ. ವಿಮಾನದಲ್ಲಿ ಕೆಲವು ಕಡೆ ನಡೆಯುತ್ತದೆ, ಕೆಲವು ಕಡೆ ಖಂಡಿತ ನಡೆಯುವುದಿಲ್ಲ. ಎಲ್ಲಿ ಯಾವುದು ಅಂತ ತಿಳಿದುಕೊಂಡರೆ ಅರ್ಧ ಕೆಲಸ ಆದ ಹಾಗೆ.

ಇಲ್ಲಿ ಹೇಳುತ್ತಿರುವುದು ಅಲ್ಯೂಮಿನಿಯಂ ತಗಡಿನ ಕಿಟ್ ವಿಮಾನ (ಭಾಗಗಳು ಕಂಪನಿಯಿಂದ ಬರುತ್ತವೆ, ಜೋಡಿಸಿ ಕಟ್ಟುವುದು ನಾವು), ಅದಕ್ಕೆ ರೋಟಾಕ್ಸ್ 912 ಎಂಜಿನ್ ಅಂತ ಇಟ್ಟುಕೊಳ್ಳಿ. ಮೊದಲ ಸಲ ಕಟ್ಟುವವರಿಗೆ ಇದೇ ಸರಿಯಾದ ದಾರಿ ಅನ್ನೋದು ನನ್ನ ಅಭಿಪ್ರಾಯ. ಸ್ವಂತ ಡಿಸೈನ್ ಮಾಡುವ ಆಸೆ ಇದ್ದರೆ ಅದು ಎರಡನೆಯ ವಿಮಾನಕ್ಕಿರಲಿ.

ಕಾಗದದ ಕೆಲಸ ಮೊದಲು

ಮನೆಯಲ್ಲಿ ಕಟ್ಟಿದರೂ ವಿಮಾನ ವಿಮಾನವೇ. ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯಲ್ಲಿ ನೋಂದಣಿ ಆಗಬೇಕು, ಮೈಮೇಲೆ ವಿಟಿಯಿಂದ ಶುರುವಾಗುವ ಗುರುತು ಬರಬೇಕು, ಹಾರಿಸಲು ಅನುಮತಿ ಬೇರೆ ಬೇಕು, ಹಾರಿಸುವವರಿಗೆ ಲೈಸೆನ್ಸ್ ಬೇರೆ ಬೇಕು. 1934ರ ಹಳೆಯ ಕಾಯ್ದೆಯ ಬದಲು ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಯಲ್ಲಿದೆ. ಹಾಗಾಗಿ ಹತ್ತು ವರ್ಷದ ಹಿಂದೆ ಯಾರೋ ಕೊಟ್ಟ ಸಲಹೆ ನಂಬಿಕೊಂಡು ಕೂರಬೇಡಿ, ಈಗಿನ ನಿಯಮವನ್ನೇ ಓದಿ.

ಮುಂಬಯಿಯ ಪೈಲಟ್ ಅಮೋಲ್ ಯಾದವ್ ಕಾಂದಿವಲಿಯ ಮನೆ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿದ್ದು ನೆನಪಿರಬಹುದು. 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಜನ ಅದನ್ನು ಕಣ್ಣಾರೆ ನೋಡಿದರು. ನೋಂದಣಿ ಆಗಿದ್ದು 2017ರ ಕೊನೆಗೆ, ಹಾರಿಸಲು ಅನುಮತಿ ಸಿಕ್ಕಿದ್ದು 2019ರಲ್ಲಿ. ವಿಮಾನ ಕಣ್ಣ ಮುಂದೆ ನಿಂತಿದ್ದಾಗಲೇ ಕಾಗದ ಇಷ್ಟು ಕಾಯಿಸಿತು ಅಂದರೆ, ನೀವು ಕಿಟ್‌ಗೆ ದುಡ್ಡು ಕಟ್ಟುವ ಮೊದಲೇ ಪತ್ರ ಬರೆಯುವುದು ಒಳ್ಳೆಯದು, ಅಲ್ವಾ? ಯಾವ ಡಿಸೈನ್, ಎಷ್ಟು ತೂಕ, ಯಾವ ಎಂಜಿನ್, ಯಾವ ವಿಳಾಸದಲ್ಲಿ ಕಟ್ಟುತ್ತೀರಿ ಅಂತ ಬರೆದು ಕಳಿಸಿ. ಉತ್ತರ ಕೈಗೆ ಬಂದ ಮೇಲೆ ಆರ್ಡರ್ ಮಾಡಿ. ಜೊತೆಗೆ ಲೈಸೆನ್ಸ್ ಇರುವ ವಿಮಾನ ನಿರ್ವಹಣಾ ಎಂಜಿನಿಯರ್ ಒಬ್ಬರನ್ನು ಮೊದಲೇ ಒಪ್ಪಿಸಿಕೊಳ್ಳಿ. ರೆಕ್ಕೆಯ ಕೊನೆಯ ತಗಡು ಮುಚ್ಚುವ ಮೊದಲು ಅವರು ಬಂದು ಒಳಗೆ ನೋಡಬೇಕು. ಮುಚ್ಚಿದ ಮೇಲೆ ಬಂದರೆ ಅವರಿಗೆ ಕಾಣುವುದು ಬಣ್ಣ ಮಾತ್ರ.

ಮೊದಲ ದಿನದಿಂದಲೇ ಒಂದು ದಾಖಲೆ ಪುಸ್ತಕ ಇಡಿ. ದಿನಾಂಕ, ನಕ್ಷೆಯ ಪುಟ, ಮಾಡಿದ ಕೆಲಸ, ಬಳಸಿದ ಸಾಮಾನಿನ ಬ್ಯಾಚ್ ನಂಬರ್, ಫೋಟೋ. ನೀವೇ ಕಟ್ಟಿದ್ದು ಅನ್ನೋದಕ್ಕೆ ಇದೇ ಸಾಕ್ಷಿ. ಅಮೆರಿಕದಲ್ಲೂ ಮನೆಯಲ್ಲಿ ಕಟ್ಟಿದ್ದು ಅನ್ನಿಸಿಕೊಳ್ಳಬೇಕಾದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಹವ್ಯಾಸಿಯೇ ಮಾಡಿರಬೇಕು ಅಂತ ನಿಯಮವಿದೆ. ಅಲ್ಲೂ ಇಂಥ ಪುಸ್ತಕವನ್ನೇ ತೆಗೆದು ತೋರಿಸುತ್ತಾರೆ.

ಕಿಟ್ ಪೂರ್ತಿ ಒಂದೇ ಸಲ ತರಿಸಬೇಡಿ. ಹೆಚ್ಚಿನ ಕಂಪನಿಗಳು ಬಾಲದ ಭಾಗವನ್ನು ಬೇರೆಯಾಗಿ ಮಾರುತ್ತವೆ. ಅದನ್ನು ಕಟ್ಟಿ ನೋಡಿ. ರಿವೆಟ್ ಹೊಡೆಯುವುದು ನಿಮಗೆ ಸೇರುತ್ತದಾ, ಮನೆಯವರಿಗೆ ಆ ಸದ್ದು ಸೇರುತ್ತದಾ, ಎರಡೂ ಗೊತ್ತಾಗುತ್ತದೆ.

ಶೆಡ್ ಮತ್ತು ಎರೆ ನೆಲ

ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದ ಇದ್ದರೆ ಆರಾಮ. ರೆಕ್ಕೆಗಳನ್ನು ಬೇರೆಬೇರೆ ಕಟ್ಟಿ ಗೋಡೆಗೆ ನಿಲ್ಲಿಸಬಹುದು. ಎರಡನ್ನೂ ಮೈಗೆ ಜೋಡಿಸುವುದು ಕೊನೆಗೆ, ಅದೂ ವಿಮಾನ ಹಾರುವ ಜಾಗದಲ್ಲಿ.

ಗದಗ, ನವಲಗುಂದ, ಹುಬ್ಬಳ್ಳಿ ಸುತ್ತಲಿನ ಎರೆ ಭೂಮಿಯಲ್ಲಿ ಶೆಡ್ ಹಾಕುವವರು ಒಂದು ವಿಷಯ ಗಮನಿಸಬೇಕು. ಈ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಮೇಲಿನ ಕಾಂಕ್ರೀಟ್ ಕೂಡ ಸ್ವಲ್ಪ ಅಲುಗಾಡುತ್ತದೆ. ಮನೆಗೆ ಅದು ಗೋಡೆ ಬಿರುಕು ಅಷ್ಟೇ. ಆದರೆ ರೆಕ್ಕೆಯನ್ನು ಹಿಡಿದಿಟ್ಟಿರುವ ಜಿಗ್ ಆ ನೆಲಕ್ಕೆ ಬೋಲ್ಟ್ ಆಗಿದ್ದರೆ, ಮೇ ತಿಂಗಳಲ್ಲಿ ನೇರ ಇದ್ದ ರೆಕ್ಕೆ ಆಗಸ್ಟಿನಲ್ಲಿ ಸಣ್ಣಗೆ ತಿರುಚಿಕೊಂಡಿರಬಹುದು. ರಿವೆಟ್ ಹೊಡೆದ ಮೇಲೆ ಆ ತಿರುಚು ಹಾಗೇ ಉಳಿಯುತ್ತದೆ. ಆಮೇಲೆ ವಿಮಾನ ಜೀವನವಿಡೀ ಒಂದು ಕಡೆ ವಾಲಿಕೊಂಡು ಹಾರುತ್ತದೆ. ಅದಕ್ಕೆ ಜಿಗ್ ಅನ್ನು ನೆಲಕ್ಕೆ ಕೂರಿಸದೆ, ಗಟ್ಟಿ ಬಾಕ್ಸ್ ಸೆಕ್ಷನ್ನಿನಲ್ಲಿ ತನ್ನಷ್ಟಕ್ಕೆ ತಾನು ನಿಲ್ಲುವ ಹಾಗೆ ಮಾಡಿಸಿ, ಕಾಲುಗಳಿಗೆ ಏರಿಳಿಸುವ ಸ್ಕ್ರೂ ಇಡಿಸಿ. ನೀರು ತುಂಬಿದ ಪಾರದರ್ಶಕ ಪೈಪಿನ ಲೆವೆಲ್ ಸಾಕು, ಗವಂಡಿಗಳ ಹತ್ತಿರ ಇರುವಂಥದ್ದೇ. ರಿವೆಟ್ ಹೊಡೆಯುವ ಪ್ರತಿ ದಿನವೂ ಕೆಲಸ ಶುರು ಮಾಡುವ ಮೊದಲು ನೋಡಿ.

ಈ ಜಿಗ್, ಬೆಂಚು, ರೆಕ್ಕೆ ನಿಲ್ಲಿಸುವ ತೊಟ್ಟಿಲು, ಎಂಜಿನ್ ಎತ್ತುವ ಸ್ಟ್ಯಾಂಡು, ಇವೆಲ್ಲ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್ ಅಥವಾ ತಾರಿಹಾಳದಲ್ಲಿ ಚೆನ್ನಾಗಿ ಮಾಡಿಕೊಡುತ್ತಾರೆ. ಹಾರದ ವಸ್ತು ಏನಿದ್ದರೂ ಇಲ್ಲೇ ಮಾಡಿಸಿ. ಸೀಟಿನ ಹೊಲಿಗೆಯನ್ನೂ ಇಲ್ಲೇ ಕೊಡಬಹುದು, ಆದರೆ ಬೆಂಕಿ ಬೇಗ ಹಿಡಿಯದ ಫೋಮ್ ಮತ್ತು ಬಟ್ಟೆ ನೀವೇ ತಂದುಕೊಡಿ. ಸೀಟ್ ಬೆಲ್ಟ್ ಮಾತ್ರ ಕಿಟ್ ಕಂಪನಿ ಹೇಳಿದ್ದೇ ಆಗಬೇಕು.

ರಿವೆಟ್

ಬಸ್ ಬಾಡಿ ಕಟ್ಟುವವರು ಅಲ್ಯೂಮಿನಿಯಂ ತಗಡಿಗೆ ರಿವೆಟ್ ಹೊಡೆಯುವ ವೇಗ ನೋಡಿದರೆ ಬೆರಗಾಗುತ್ತದೆ. ಅವರ ಹತ್ತಿರ ಒಂದಿಷ್ಟು ದಿನ ಕೂತು ಕಲಿಯಿರಿ, ಕೈ ಪಳಗುತ್ತದೆ. ಆದರೆ ಅವರ ರಿವೆಟ್ ತರಬೇಡಿ. ವಿಮಾನದ ಗಟ್ಟಿ ರಿವೆಟ್ಟಿನ ಮಿಶ್ರಲೋಹವೇ ಬೇರೆ. ಎಡಿ ಅನ್ನುವ ಜಾತಿಯ ರಿವೆಟ್ಟಿನ ತಲೆಯ ಮಧ್ಯೆ ಸಣ್ಣ ಕುಳಿ ಇರುತ್ತದೆ. ಕುಳಿ ಇಲ್ಲದ ನುಣುಪು ತಲೆಯದ್ದು ಮೆತ್ತನೆಯ ಅಲ್ಯೂಮಿನಿಯಂ, ಕುಳಿ ಬಿಟ್ಟರೆ ನೋಡಲು ಎರಡೂ ಒಂದೇ. ಡಬ್ಬಿಯಲ್ಲಿ ಅವು ಬೆರೆತರೆ ಆ ಡಬ್ಬಿಯನ್ನೇ ಪಕ್ಕಕ್ಕಿಡಿ.

ಡ್ರಿಲ್ ಬಿಟ್ ವಿಷಯದಲ್ಲೂ ಇದೇ ಕಥೆ. 1/8 ಇಂಚಿನ ರಿವೆಟ್ಟಿಗೆ ಬೇಕಾದ್ದು 30 ನಂಬರಿನ ಬಿಟ್, ಅಂದರೆ 3.26 ಮಿಮೀ. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭವಾಗಿ ಕೈಗೆ ಬರುವುದು 3.2 ಅಥವಾ 3.5. ಮೊದಲನೆಯದರಲ್ಲಿ ರಿವೆಟ್ ಬಿಗಿಯಾಗಿ ಸಿಕ್ಕಿ ತಗಡು ಗೀರುತ್ತದೆ, ಎರಡನೆಯದರಲ್ಲಿ ರಂಧ್ರ ತುಂಬುವುದೇ ಇಲ್ಲ. ನಂಬರ್ ಬಿಟ್‌ಗಳನ್ನು ಒಂದು ಡಜನ್ ತರಿಸಿಟ್ಟುಕೊಳ್ಳಿ, ಮೊಂಡಾದ ಕೂಡಲೇ ಎಸೆಯಿರಿ.

ಕ್ರಮ ಹೀಗಿದೆ. ತಗಡುಗಳನ್ನು ಕ್ಲೀಕೊ (ರಂಧ್ರದಲ್ಲಿ ಕೂತು ತಗಡುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಕ್ಲಿಪ್) ಹಾಕಿ ಜೋಡಿಸಿ, ರಂಧ್ರಗಳನ್ನು ಪೂರ್ತಿ ಅಳತೆಗೆ ಕೊರೆಯಿರಿ. ಮತ್ತೆ ಎಲ್ಲ ಬಿಚ್ಚಿ. ಹೌದು, ಎಲ್ಲವನ್ನೂ. ಪ್ರತಿ ರಂಧ್ರದ ಅಂಚಿನ ಚೂಪು ತೆಗೆಯಿರಿ, ತಗಡಿನ ಅಂಚನ್ನೂ ನುಣುಪು ಮಾಡಿ, ಪ್ರೈಮರ್ ಹೊಡೆದು ಒಣಗಿಸಿ, ಆಮೇಲೆ ಮತ್ತೆ ಜೋಡಿಸಿ ರಿವೆಟ್ ಹೊಡೆಯಿರಿ. ಬೇಸರದ ಕೆಲಸ ಇದು. ಸಂಜೆ ನೆಂಟರು ಬಂದು "ಮೊನ್ನೆನೂ ಹಿಂಗ ಇತ್ತಲ್ಲೋ" ಅನ್ನುತ್ತಾರೆ. ಆದರೆ ಅಲ್ಯೂಮಿನಿಯಂನಲ್ಲಿ ಬಿರುಕು ಶುರುವಾಗುವುದೇ ಇಂಥ ಚೂಪು ಅಂಚಿನಿಂದ. ಕಾರ್ಖಾನೆಯಿಂದ ಬಂದ ಭಾಗ ಅಂತಲೂ ಕಣ್ಣು ಮುಚ್ಚಿ ನಂಬುವಂತಿಲ್ಲ. 2023ರಲ್ಲಿ ಅಮೆರಿಕದ ವ್ಯಾನ್ಸ್ ಏರ್‌ಕ್ರಾಫ್ಟ್ ಲೇಸರಿನಿಂದ ಕತ್ತರಿಸಿ ಕಳಿಸಿದ್ದ ಭಾಗಗಳಲ್ಲಿ ರಂಧ್ರದ ಬಳಿ ಬಿರುಕು ಕಂಡುಬಂದು, ಕಂಪನಿ ಬಹಳಷ್ಟು ಭಾಗಗಳನ್ನು ಬದಲಿಸಿಕೊಡಬೇಕಾಯಿತು. ಕಂಪನಿ ಹೊರಡಿಸುವ ಸೂಚನಾ ಪತ್ರಗಳಿಗೆ ನಿಮ್ಮ ಹೆಸರು ಬರೆಸಿಡಿ, ಬಂದದ್ದನ್ನು ಓದಿ.

ರಿವೆಟ್ ಸರಿ ಬಿತ್ತಾ ಅಂತ ತಿಳಿಯಲು ಮೂರು ಅಳತೆ ಸಾಕು. ತಗಡಿನಾಚೆ ಚಾಚಿದ ಉದ್ದ ರಿವೆಟ್ ದಪ್ಪದ ಒಂದೂವರೆ ಪಟ್ಟು ಇರಬೇಕು. ಬಡಿದ ಮೇಲೆ ಆಗುವ ತಲೆಯ ಅಗಲವೂ ಒಂದೂವರೆ ಪಟ್ಟು, ಎತ್ತರ ಅರ್ಧ ಪಟ್ಟು. 1/8 ಇಂಚಿನದಕ್ಕೆ ಅದು 4.8 ಮಿಮೀ ಅಗಲ, 1.6 ಮಿಮೀ ಎತ್ತರ. ರಂಧ್ರದ ಮಧ್ಯದಿಂದ ತಗಡಿನ ಅಂಚಿಗೆ ಕನಿಷ್ಠ ಎರಡು ಪಟ್ಟು ದೂರ ಇರಲಿ.

ಕೆಟ್ಟ ರಿವೆಟ್ ತೆಗೆಯುವಾಗ ತಲೆಯ ಆಳಕ್ಕಷ್ಟೇ ಕೊರೆದು, ತಲೆ ಮುರಿದು, ಕಾಂಡವನ್ನು ಪಂಚಿನಿಂದ ಮೆಲ್ಲಗೆ ಹೊರಗೆ ತಳ್ಳಿ. ಸ್ವಲ್ಪ ಸೊಟ್ಟಗಿರುವುದನ್ನು ತೆಗೆಯಲು ಹೋಗಿ ರಂಧ್ರ ಅಗಲ ಮಾಡುವುದಕ್ಕಿಂತ ಹಾಗೇ ಬಿಡುವುದು ಎಷ್ಟೋ ಸಲ ಮೇಲು. ಮಳೆಗಾಲದಲ್ಲಿ ಕಂಪ್ರೆಸರಿನ ಪೈಪಿಗೆ ನೀರು ಹಿಡಿಯುವ ಟ್ರ್ಯಾಪ್ ಹಾಕಿ. ಧಾರವಾಡದ ಜುಲೈ ಹವೆಯಲ್ಲಿ ಟ್ಯಾಂಕಿನಿಂದ ನೀರೇ ಸುರಿಯುತ್ತದೆ, ಪ್ರೈಮರ್ ಹೊಡೆಯುವಾಗ ಅದು ತಗಡಿನ ಮೇಲೆ ಗುಳ್ಳೆ ಎಬ್ಬಿಸುತ್ತದೆ.

ಬೋಲ್ಟು: ಇಲ್ಲಿ ರಾಜಿ ಬೇಡ

"8.8 ಹೈ ಟೆನ್ಸೈಲ್ ಐತ್ರಿ, ಲಾರಿಗೆ ಹಾಕ್ತಾರ" ಅನ್ನುವ ಮಾತನ್ನು ನೀವು ಖಂಡಿತ ಕೇಳುತ್ತೀರಿ. ಲೆಕ್ಕದಲ್ಲಿ ಅದೇನೂ ದುರ್ಬಲ ಅಲ್ಲ. 8.8 ಅನ್ನುವ ದರ್ಜೆಯ ಬೋಲ್ಟಿನ ಸಾಮರ್ಥ್ಯ ಸುಮಾರು 800 ಮೆಗಾಪ್ಯಾಸ್ಕಲ್, ವಿಮಾನದ ಎಎನ್ ಬೋಲ್ಟಿನದ್ದು ಸುಮಾರು 860. ವ್ಯತ್ಯಾಸ ಇರುವುದು ಅಳತೆಯಲ್ಲಿ. ಎಎನ್ 3 ಬೋಲ್ಟಿನ ದಪ್ಪ 4.76 ಮಿಮೀ, ಅಂಗಡಿಯದ್ದು 5 ಮಿಮೀ. ಅಂಗಡಿಯ ಬೋಲ್ಟಿಗೆ ಎಷ್ಟೋ ಸಲ ತುದಿಯಿಂದ ತಲೆಯವರೆಗೂ ಮರೆ, ಅಂದರೆ ತಿರುಪಿನ ಥ್ರೆಡ್, ಇರುತ್ತದೆ. ವಿಮಾನದ ಬೋಲ್ಟಿನಲ್ಲಿ ಭಾರ ಬೀಳುವ ಕಡೆ ನುಣುಪು ಕಾಂಡ ಮಾತ್ರ ಇರಬೇಕು, ಮರೆ ಅದರಾಚೆ ಶುರುವಾಗಬೇಕು. ಮರೆಯ ಮೇಲೆ ಭಾರ ಕೂತರೆ ಅದು ರಂಧ್ರವನ್ನು ಅರದ ಹಾಗೆ ತಿನ್ನುತ್ತದೆ.

ಬಿಗಿಸುವುದಕ್ಕೆ ಟಾರ್ಕ್ ರೆಂಚ್ ಬೇಕೇ ಬೇಕು, ಅದೂ ಸಣ್ಣ ಅಳತೆಯದ್ದು. ಎಎನ್ 3ಕ್ಕೆ 20ರಿಂದ 25 ಇಂಚು-ಪೌಂಡ್, ಎಎನ್ 4ಕ್ಕೆ 50ರಿಂದ 70. ನ್ಯೂಟನ್-ಮೀಟರಿನಲ್ಲಿ ಹೇಳುವುದಾದರೆ ಸುಮಾರು 2.3ರಿಂದ 2.8, ಮತ್ತು 5.6ರಿಂದ 7.9. ಗ್ಯಾರೇಜಿನ ಟಾರ್ಕ್ ರೆಂಚ್ ಇಷ್ಟು ಕಡಿಮೆಗೆ ಇಳಿಯುವುದೇ ಇಲ್ಲ. ಬಿಗಿಸಿದ ಮೇಲೆ ನಟ್ಟಿನಿಂದ ತಗಡಿನ ತನಕ ಬಣ್ಣದ ಒಂದು ಗೆರೆ ಎಳೆಯಿರಿ. ನಟ್ಟು ಸಡಿಲಾದರೆ ಗೆರೆ ಮುರಿದು ಕಾಣುತ್ತದೆ. ನೈಲಾನ್ ಇರುವ ಲಾಕ್ ನಟ್ ಎಂಜಿನ್ ಬಿಸಿಯ ಹತ್ತಿರ ಬೇಡ, ಸುಮಾರು 120 ಡಿಗ್ರಿ ದಾಟಿದರೆ ಅದರ ಹಿಡಿತ ಹೋಗುತ್ತದೆ. ತಿರುಗುವ ಜೋಡಣೆಗಳಿಗೆ, ಅಂದರೆ ವಿಮಾನದ ದಿಕ್ಕು, ಏರಿಳಿತ, ವಾಲುವಿಕೆ ನಿಯಂತ್ರಿಸುವ ರಡ್ಡರ್, ಎಲಿವೇಟರ್, ಏಲಿರಾನ್ ಕಡ್ಡಿಗಳಿಗೆ, ಕಿರೀಟದಂಥ ನಟ್ಟು ಮತ್ತು ಸ್ಪ್ಲಿಟ್ ಪಿನ್. ಒಮ್ಮೆ ಬಾಗಿಸಿದ ಪಿನ್ ಮತ್ತೆ ಬಳಸಬೇಡಿ. ರೂಪಾಯಿ ಲೆಕ್ಕದ ವಸ್ತು ಅದು.

ವೈರ್, ಪೆಟ್ರೋಲ್ ಪೈಪ್, ಕಂಟ್ರೋಲ್ ಕೇಬಲ್, ಇವೂ ತರಿಸುವ ಪಟ್ಟಿಗೇ ಸೇರಿದ್ದು. ಕಾರಿನ ಪಿವಿಸಿ ವೈರ್ ಸುಟ್ಟರೆ ಕಾಕ್‌ಪಿಟ್ ತುಂಬ ವಿಷದ ಹೊಗೆ.

ಮರದ ವಿಮಾನ ಕಟ್ಟುವವರಿಗೆ ಒಂದೇ ಮಾತು: ದಾಂಡೇಲಿ ಸಾಗವಾನಿ ಎಷ್ಟೇ ಚಂದ ಇದ್ದರೂ ನಕ್ಷೆಯಲ್ಲಿ ಸ್ಪ್ರೂಸ್ ಅಂತಿದ್ದರೆ ಸ್ಪ್ರೂಸೇ ತನ್ನಿ. ಸಾಗವಾನಿ ಅದರ ಸುಮಾರು ಒಂದೂವರೆ ಪಟ್ಟು ಭಾರ. ಅದರಲ್ಲಿರುವ ಎಣ್ಣೆಯಿಂದಾಗಿ ಗೋಂದು ಸರಿಯಾಗಿ ಹಿಡಿಯುವುದೂ ಕಷ್ಟ.

ಎಂಜಿನ್ ಮತ್ತು ಪೆಟ್ರೋಲ್

ರೋಟಾಕ್ಸ್ 912 ಇರುವ ಸಣ್ಣ ವಿಮಾನಗಳ ದೊಡ್ಡ ಅನುಕೂಲ ಅಂದರೆ ಬಂಕಿನ ಪೆಟ್ರೋಲಿನಲ್ಲೂ ಓಡುತ್ತವೆ ಅನ್ನೋದು. ಈಗ ಅದೇ ತಲೆನೋವಾಗಿದೆ. ನಮ್ಮ ಬಂಕುಗಳಲ್ಲಿ ಬರುತ್ತಿರುವುದು ಇ20, ಅಂದರೆ 20% ಎಥೆನಾಲ್. ರೋಟಾಕ್ಸ್ 912ಕ್ಕೆ ಒಪ್ಪಿರುವುದು 10% ತನಕ. ಜಾಸ್ತಿ ಎಥೆನಾಲ್ ರಬ್ಬರ್ ಪೈಪುಗಳನ್ನು, ಟ್ಯಾಂಕಿನ ಸೀಲಂಟನ್ನು ಕೆಡಿಸುತ್ತದೆ, ಗಾಳಿಯ ತೇವ ಹೀರಿಕೊಳ್ಳುತ್ತದೆ, ಬಿಸಿಯಲ್ಲಿ ಪೈಪಿನೊಳಗೇ ಆವಿಯಾಗಿ ಎಂಜಿನ್ ಕೆಮ್ಮುವ ಹಾಗೆ ಮಾಡುತ್ತದೆ. ಹುಬ್ಬಳ್ಳಿಯ ಏಪ್ರಿಲಿನಲ್ಲಿ ಈ ಕೊನೆಯದ್ದೇ ಮೊದಲು ಕಾಡುತ್ತದೆ.

ಪರೀಕ್ಷೆ ಸುಲಭ. 100 ಮಿಲೀ ಅಳತೆಯ ಗಾಜಿನ ಸಿಲಿಂಡರಿಗೆ 10 ಮಿಲೀ ನೀರು, ಮೇಲೆ 90 ಮಿಲೀ ಪೆಟ್ರೋಲ್ ಹಾಕಿ ಅಲುಗಾಡಿಸಿ ಬಿಡಿ. ಎಥೆನಾಲ್ ನೀರಿಗೆ ಸೇರುತ್ತದೆ, ಕೆಳಗಿನ ಪದರ ದಪ್ಪವಾಗುತ್ತದೆ. ಅದು 10ರಿಂದ ಸುಮಾರು 28ಕ್ಕೆ ಏರಿದರೆ ನಿಮ್ಮ ಕೈಯಲ್ಲಿರುವುದು ಇ20. ಬಯಲಲ್ಲಿ ಮಾಡಿ, ಬೀಡಿ ಸೇದುವವರನ್ನು ದೂರ ಕಳಿಸಿ. 100 ಅಶ್ವಶಕ್ತಿಯ 912 ಯುಎಲ್‌ಎಸ್‌ಗೆ ಕನಿಷ್ಠ 95 ಆಕ್ಟೇನ್ ಕೂಡ ಬೇಕು. ಎರಡೂ ಹೊಂದದಿದ್ದರೆ ವಿಮಾನಕ್ಕೆಂದೇ ಬರುವ ಪೆಟ್ರೋಲ್, ಅಂದರೆ ಏವ್‌ಗ್ಯಾಸ್ ದಾರಿ. ಅದರಲ್ಲಿ ಸೀಸ ಇರುವುದರಿಂದ ಆಯಿಲನ್ನು 100 ಗಂಟೆಗಲ್ಲ, 50 ಗಂಟೆಗೇ ಬದಲಿಸಬೇಕು.

ಹಾರುವ ಮುಂಚೆ ಮಾಡಲೇಬೇಕಾದ ಇನ್ನೊಂದು ಪರೀಕ್ಷೆ ಇಂಧನದ ಹರಿವು. ಮೂಗು ಏರುವ ಕೋನಕ್ಕೆ ಎತ್ತಿಟ್ಟು, ಟ್ಯಾಂಕಿನಲ್ಲಿ ಸ್ವಲ್ಪವೇ ಪೆಟ್ರೋಲ್ ಇಟ್ಟು, ಕಾರ್ಬ್ಯುರೇಟರಿನ ಬಳಿ ಪೈಪ್ ಬಿಚ್ಚಿ ಕ್ಯಾನಿಗೆ ಬಿಡಿ. ಪಂಪ್ ಇರುವ ವ್ಯವಸ್ಥೆಯಲ್ಲಿ ಪೂರ್ತಿ ಶಕ್ತಿಗೆ ಬೇಕಾದ್ದರ 125% ಬರಬೇಕು, ಪಂಪ್ ಇಲ್ಲದೆ ಎತ್ತರದಿಂದ ಇಳಿದು ಬರುವುದಾದರೆ 150%. ಯುಎಲ್‌ಎಸ್ ಪೂರ್ತಿ ಶಕ್ತಿಯಲ್ಲಿ ಗಂಟೆಗೆ ಸುಮಾರು 27 ಲೀಟರ್ ಕುಡಿಯುತ್ತದೆ. ಹಾಗಾಗಿ ಪಂಪಿನಿಂದ ಹತ್ತು ನಿಮಿಷಕ್ಕೆ ಐದೂವರೆ ಲೀಟರಿಗಿಂತ ಜಾಸ್ತಿ ಬರಬೇಕು.

ತೂಕ

ಅಮರಗೋಳ ಎಪಿಎಂಸಿ ಕಡೆ ಬಳಸುವಂಥ ಡಿಜಿಟಲ್ ತಕ್ಕಡಿ ಮೂರು ಬಾಡಿಗೆಗೆ ತನ್ನಿ. ಮುದ್ರೆ ಇರುವ 20 ಕಿಲೋ ಕಲ್ಲು ಇಟ್ಟು ಮೂರನ್ನೂ ಮೊದಲು ಪರೀಕ್ಷಿಸಿ. ಗಾಳಿ ಬೀಸದ ಕಡೆ, ಬಾಗಿಲು ಮುಚ್ಚಿ, ವಿಮಾನವನ್ನು ಸಮಮಟ್ಟಕ್ಕೆ ತಂದು ತೂಗಿ. ಒಂದು ಉದಾಹರಣೆ ನೋಡೋಣ, ಅಂಕಿಗಳು ಸುಮ್ನೆ ಲೆಕ್ಕ ತೋರಿಸಲು. ಪ್ರೊಪೆಲರ್ ತುದಿಯಿಂದ ಮುಂದಿನ ಚಕ್ರ 700 ಮಿಮೀ, ಹಿಂದಿನ ಎರಡು 2,100 ಮಿಮೀ. ಮುಂದೆ 70 ಕಿಲೋ, ಹಿಂದೆ 115 ಮತ್ತು 115. ಪ್ರತಿ ತೂಕವನ್ನು ಅದರ ದೂರದಿಂದ ಗುಣಿಸಿ, ಕೂಡಿಸಿ, ಒಟ್ಟು 300ರಿಂದ ಭಾಗಿಸಿದರೆ ಗುರುತ್ವ ಕೇಂದ್ರ 1,773 ಮಿಮೀ. ಈಗ 2,000ದಲ್ಲಿ 75 ಕಿಲೋ ಪೈಲಟ್, 2,200ರಲ್ಲಿ 40 ಕಿಲೋ ಪೆಟ್ರೋಲ್ ಸೇರಿಸಿದರೆ 1,855. ಪೆಟ್ರೋಲ್ ಖಾಲಿಯಾದಾಗ 1,819. ಎರಡೂ ಡಿಸೈನರ್ ಕೊಟ್ಟ ಮಿತಿಯೊಳಗೆ ಇರಬೇಕು. ಹಿಂದಿನ ಮಿತಿ ದಾಟಿದ ವಿಮಾನ ಒಮ್ಮೆ ಮೂಗೆತ್ತಿದರೆ ಇಳಿಸಲು ಆಗದೇ ಹೋಗಬಹುದು.

ಸಾಗಿಸುವುದು, ಹಾರಿಸುವುದು

ಊರ ಹೊರಗಿನ ಹೊಲದಲ್ಲೋ ಹೊಸ ಬೈಪಾಸಿನಲ್ಲೋ ಒಂದು ಸಲ ಓಡಿಸಿ ನೋಡೋಣ ಅನ್ನುವ ಯೋಚನೆ ಬಿಡಿ. ಕಾನೂನೂ ಬಿಡುವುದಿಲ್ಲ, ಎರೆ ಹೊಲದ ಉಳುಮೆ ಸಾಲೂ ಬಿಡುವುದಿಲ್ಲ. ಅನುಮತಿ ಪತ್ರದಲ್ಲಿ ಬರೆದ ರನ್‌ವೇಗೇ ಲಾರಿಯಲ್ಲಿ ಒಯ್ಯಬೇಕು. ರೆಕ್ಕೆಗಳನ್ನು ಮುಂದಿನ ಅಂಚು ಕೆಳಗೆ ಬರುವ ಹಾಗೆ ತೊಟ್ಟಿಲಲ್ಲಿ ನಿಲ್ಲಿಸಿ, ಹಳೆಯ ಕಾರ್ಪೆಟ್ ಒತ್ತಿಡಿ.

ಮೊದಲ ಹಾರಾಟಕ್ಕೆ ಬೆಳಗಿನ ಹೊತ್ತೇ ಯಾಕೆ ಅನ್ನೋದಕ್ಕೆ ಲೆಕ್ಕ ಇಲ್ಲಿದೆ. ಹುಬ್ಬಳ್ಳಿ ವಿಮಾನ ನಿಲ್ದಾಣದ ಎತ್ತರ ಸುಮಾರು 2,170 ಅಡಿ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣತೆ ಸುಮಾರು 11 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 37 ಡಿಗ್ರಿ ಇದ್ದರೆ 26 ಡಿಗ್ರಿ ಹೆಚ್ಚಾಯಿತು, ಡಿಗ್ರಿಗೆ 120 ಅಡಿಯಂತೆ 3,120 ಅಡಿ. ಅಂದರೆ ನೆಲದ ಮೇಲೆ ನಿಂತಿರುವ ನಿಮ್ಮ ವಿಮಾನಕ್ಕೆ ತಾನು 5,300 ಅಡಿ ಎತ್ತರದಲ್ಲಿದ್ದೇನೆ ಅನ್ನಿಸುತ್ತದೆ. ಎಂಜಿನ್ ಸುಮಾರು ಏಳನೇ ಒಂದು ಭಾಗ ಶಕ್ತಿ ಕಳೆದುಕೊಂಡಿರುತ್ತದೆ, ಪ್ರೊಪೆಲರ್, ರೆಕ್ಕೆ ಎರಡಕ್ಕೂ ಗಾಳಿ ತೆಳು. ಕೈಪಿಡಿಯಲ್ಲಿ ಬರೆದ ಓಟದ ಉದ್ದ ಸಮುದ್ರಮಟ್ಟದ್ದು ಅನ್ನೋದು ನೆನಪಿರಲಿ. ಮೊದಲ ಸಲ ಹಾರಿಸುವವರು ಆ ಜಾತಿಯ ವಿಮಾನದಲ್ಲಿ ಅನುಭವ ಇರುವ ಪೈಲಟ್ ಆಗಿರಲಿ. ಕಟ್ಟಿದವರಿಗೆ ಬೇಸರವಾಗುತ್ತದೆ ನಿಜ, ಆದರೂ.

ಆಮೇಲಿನ ಆರೈಕೆ

ರೋಟಾಕ್ಸಿನ ಆಯಿಲ್ ನೋಡುವ ಮೊದಲು, ಇಗ್ನಿಷನ್ ಎರಡೂ ಆಫ್ ಇದೆ ಅಂತ ಖಚಿತ ಮಾಡಿಕೊಂಡು, ಪ್ರೊಪೆಲರನ್ನು ಅದು ತಿರುಗುವ ದಿಕ್ಕಿಗೇ ಕೈಯಿಂದ ತಿರುಗಿಸುತ್ತಾ ಹೋಗಿ. ಆಯಿಲ್ ಟ್ಯಾಂಕಿನಿಂದ ಗುಳುಗುಳು ಸದ್ದು ಬಂದ ಮೇಲೆ ಕಡ್ಡಿ ಎಳೆದು ಅಳತೆ ನೋಡಿ. ಮೊದಲೇ ನೋಡಿದರೆ ಕಡಿಮೆ ತೋರಿಸುತ್ತದೆ, ನೀವು ಸುಮ್ಮನೆ ಜಾಸ್ತಿ ತುಂಬಿಸುತ್ತೀರಿ. ಹಿಂದಕ್ಕೆ ತಿರುಗಿಸಬೇಡಿ.

ವೇಗ ಅಳೆಯುವ ಪಿಟೋ ನಳಿಗೆಗೂ ಟ್ಯಾಂಕಿನ ಗಾಳಿ ಕಿಂಡಿಗೂ ಮುಚ್ಚಳ ಹಾಕದೆ ಒಂದು ರಾತ್ರಿಯೂ ಬಿಡಬೇಡಿ. ಮಣ್ಣಿನ ಗೂಡು ಕಟ್ಟುವ ಕಣಜದ ಹುಳಕ್ಕೆ ಅಂಥ ರಂಧ್ರ ಅಂದರೆ ಬಲು ಇಷ್ಟ. ಪಿಟೋ ಮುಚ್ಚಿದರೆ ವೇಗ ತಪ್ಪು ತೋರಿಸುತ್ತದೆ, ಟ್ಯಾಂಕ್ ಕಿಂಡಿ ಮುಚ್ಚಿದರೆ ಪೆಟ್ರೋಲ್ ಬರುವುದೇ ನಿಲ್ಲುತ್ತದೆ. ಹಾವೇರಿ, ಬ್ಯಾಡಗಿ ಕಡೆ ಗೋದಾಮಿನ ಪಕ್ಕ ವಿಮಾನ ಇಡುವವರು ಇಲಿಗಳನ್ನೂ ನೋಡಿಕೊಳ್ಳಿ, ವೈರ್ ಕಡಿದಿರುತ್ತವೆ. ಏರ್ ಫಿಲ್ಟರ್ ಕೈಪಿಡಿ ಹೇಳಿದ್ದಕ್ಕಿಂತ ಬೇಗ ತೊಳೆಯಿರಿ. ನಮ್ಮ ಬೇಸಿಗೆಯ ದೂಳನ್ನು ಆ ಕೈಪಿಡಿ ಬರೆದವರು ನೋಡಿಲ್ಲ.

ಮರದ ಪ್ರೊಪೆಲರ್ ಇದ್ದರೆ ಮಳೆಗಾಲದಲ್ಲಿ ಉಬ್ಬಿ, ಜನವರಿಯ ಒಣ ಗಾಳಿಗೆ ಕುಗ್ಗುತ್ತದೆ. ಬೋಲ್ಟು ಅಲ್ಲೇ ಇದ್ದರೂ ಬಿಗಿ ಹೋಗಿರುತ್ತದೆ. ಪ್ರತಿ ಋತು ಬದಲಾದಾಗ ಟಾರ್ಕ್ ನೋಡಿ.

ಹೊಸ ಎಂಜಿನ್ನಿಗೆ ಮೊದಲ ತಪಾಸಣೆ 25 ಗಂಟೆಗೆ. ಆಮೇಲೆ 100 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲು ಬರುತ್ತದೋ ಅದು. ಹಾರದೆ ನಿಂತ ವಿಮಾನಕ್ಕೂ ವರ್ಷ ತುಂಬುತ್ತದೆ. ಮುಚ್ಚಳಗಳನ್ನೆಲ್ಲ ಬಿಚ್ಚಿ, ಸೈಲೆನ್ಸರ್ ಜೋಡಣೆ, ಎಂಜಿನ್ ಹಿಡಿದಿರುವ ಕಂಬಿಯ ವೆಲ್ಡಿಂಗ್, ಚಕ್ರದ ಕಾಲು ಮೈಗೆ ಸೇರುವ ಜಾಗ, ಇಷ್ಟನ್ನು ಭೂತಗನ್ನಡಿಯಲ್ಲಿ ನೋಡಿ. ಅನುಮಾನ ಬಂದ ಕಡೆ ಫ್ಯಾಬ್ರಿಕೇಶನ್ ಅಂಗಡಿಗಳಲ್ಲಿ ವೆಲ್ಡಿಂಗ್ ಪರೀಕ್ಷೆಗೆ ಬಳಸುವ ಕೆಂಪು ಡೈ ಸ್ಪ್ರೇ ಹೊಡೆದು, ಒರೆಸಿ, ಬಿಳಿ ಡೆವಲಪರ್ ಹಾಕಿ. ಬಿರುಕಿದ್ದರೆ ಕೆಂಪು ಗೆರೆ ಮೂಡುತ್ತದೆ. ರಿವೆಟ್ ಸುತ್ತ ಕಪ್ಪು ಪುಡಿ ಕಂಡರೆ ಅದು ಒಳಗೇ ಅಲುಗಾಡುತ್ತಿದೆ ಅಂತ ಅರ್ಥ.

ರಬ್ಬರ್ ಪೈಪುಗಳೆಲ್ಲ ಐದು ವರ್ಷಕ್ಕೆ ಬದಲಿ, ನೋಡಲು ಎಷ್ಟೇ ಹೊಸದರಂತಿದ್ದರೂ. ಕಾರ್ಬ್ಯುರೇಟರ್ ಬಿಚ್ಚಿದಾಗ ಅದರೊಳಗಿನ ಎರಡು ಫ್ಲೋಟ್‌ಗಳನ್ನು ಸರಾಫ ಅಂಗಡಿಗೆ ಒಯ್ದು ಚಿನ್ನದ ತಕ್ಕಡಿಯಲ್ಲಿ ತೂಗಿಸಿ. ಪೆಟ್ರೋಲ್ ಹೀರಿದ ಫ್ಲೋಟ್ ಮುಳುಗುತ್ತದೆ, ಎಂಜಿನ್‌ಗೆ ಪೆಟ್ರೋಲ್ ಉಕ್ಕುತ್ತದೆ. ಎರಡೂ ಸೇರಿ 7 ಗ್ರಾಂ ದಾಟಿದ್ದರೆ ಹೊಸದು ಹಾಕಿ, ತೂಕವನ್ನು ದಿನಾಂಕದ ಜೊತೆ ಪುಸ್ತಕದಲ್ಲಿ ಬರೆದಿಡಿ.